ಗುಡ್ಡ ಕಚ್ಚಿದ ತಗಡು

ಚಕ್ರ ತಿರುಗಿಸುವುದಷ್ಟೇ ನನ್ನ ಕೆಲಸ.
ಈ ಪ್ರೆಸ್ಸು ಮೊದಲು ಆಮ್ಲುಖ್ ಬಂದರಿನ ಲಾಂಡ್ರಿಯಲ್ಲಿ
ನಾವಿಕರ ಹಾಸುಬಟ್ಟೆ ಹಿಂಡುತ್ತಿದ್ದ ಯಂತ್ರ;
ಮರದ ಉರುಳೆ ಕಿತ್ತು ಉಕ್ಕಿನದು ಕೂರಿಸಿ
ಮೈರ್ವೆನ್‌ಗೆ ಕೊಟ್ಟವನು ನಾನು.
ದುಡ್ಡಿನ ಬದಲು ಅವಳು ಕೊಟ್ಟದ್ದು
ಒಂದು ಚೀಲ ಆಲೂಗಡ್ಡೆ, ಒಂದು ಮೋಡ.

ಆ ಮೋಡ ಎಂಜಲಿನದು.
ರಾಳದ ಪುಡಿ ತಗಡಿನ ಮೇಲೆ ಧೂಳಾಗಿ ಕೂತು ಕರಗಿದ ಮೇಲೆ
ತುಸು ಉಗುಳಿ, ಉಗುಳಿಗೆ ಆಸಿಡ್ಡಿನ ಹನಿ ಬಿಟ್ಟು
ಗರಿಯಿಂದ ಆಚೀಚೆ ಆಡಿಸಿದಳು.
"ಬರಿಯ ಹನಿ ಮುದುಡಿಕೊಳ್ಳುತ್ತೆ, ಇದ್ವಾಲ್.
ನಾಚಿಕೆ ಅದಕ್ಕೆ."
ಎಂಜಲು ಬತ್ತಿದಲ್ಲಿ ಮಳೆ, ಉಳಿದಲ್ಲಿ ಮಂಜು.

ಗುಡ್ಡ ಮಾತ್ರ ಬರಲಿಲ್ಲ.
ಕಿಟಕಿಯಾಚೆಯ ಪಾರಿಸ್ ಗುಡ್ಡ,
ಹೆಸರಷ್ಟೇ, ಫ್ರಾನ್ಸಿಗೂ ಇದಕ್ಕೂ ನಂಟಿಲ್ಲ,
ತಾಮ್ರಕ್ಕಾಗಿ ಬಗೆಸಿಕೊಂಡು ಬಗೆಸಿಕೊಂಡು
ಹುಲ್ಲೂ ಹುಟ್ಟದ ಕೆಂಪು, ಹಳದಿ, ನೇರಳೆ.
ಮೇಣದಲ್ಲಿ ಸೂಜಿಯಿಂದ ಗೀರಿದಳು: ವಿಧೇಯವಾಗಿ ಬಂತು.
ಸಕ್ಕರೆ ಪಾಕದಲ್ಲಿ ಬರೆದು ಬಿಸಿನೀರಲ್ಲಿ ಎಬ್ಬಿಸಿದಳು: ಸಿಹಿಯಾಗಿ ಬಂತು.
ಮೆತ್ತನೆ ಮೇಣಕ್ಕೆ ಹೆದರ್ ಗಿಡದ ಕಡ್ಡಿ ಒತ್ತಿದಳು:
ಕಡ್ಡಿ ಬಂತು.
"ಎಲ್ಲ ಬಿಸ್ಕತ್ತಿನ ಡಬ್ಬದ ಮುಚ್ಚಳ" ಅಂದು
ಅಚ್ಚುಗಳನ್ನು ಒಲೆಗೆ ಹಾಕಿದಳು.

ಫೆಬ್ರವರಿಯ ಒಂದು ಬೆಳಗ್ಗೆ
ತಗಡಿನ ಬೆನ್ನಿಗೆ ಅರಗು ಬಳಿದು, ಮೀನಿನ ದಾರ ಕಟ್ಟಿ
ನನ್ನನ್ನೂ ಹೊರಡಿಸಿಕೊಂಡು ಗುಡ್ಡ ಹತ್ತಿದಳು.
ಹೊಂಡದಲ್ಲಿ ಕಡು ಚಹಾದ ಬಣ್ಣದ ನೀರು,
ಹಕ್ಕಿ ಕೊಕ್ಕಿಡದ ಹುಳಿ.
ಗಣಿ ಮುಚ್ಚಿ ಎಷ್ಟು ಕಾಲವಾದರೂ
ಕಲ್ಲು ಹುಳಿ ಬಿಡುತ್ತಲೇ ಇದೆ.
"ಇದರದೇ ತಾಮ್ರ. ಇದೇ ಕಚ್ಚಲಿ."
ತಗಡು ಚಿಲಿಯದು, ಅಂಗಡಿಯ ಚೀಟಿ ನಾನು ಕಂಡಿದ್ದೆ;
ಸುಮ್ಮನಿದ್ದೆ.

ದಾರ ಬಿಡುವ ಮುನ್ನ
ತಗಡನ್ನು ಬಂಡೆಯ ಮೇಲೆ ಅಂಗಾತ ಇಟ್ಟು
ಸುತ್ತಿಗೆಯಿಂದ ಬಡಿದಳು, ಬಡಿದಳು.
ಅವಳ ಅಜ್ಜಿಯ ಅಜ್ಜಿ ಇಲ್ಲೇ
ಕಬ್ಬಿಣದ ಪಟ್ಟಿಯ ಕೈಗವಸು ತೊಟ್ಟು
ದಿನವಿಡೀ ಅದಿರು ಒಡೆದವಳು. ಫೋಟೋ ಇಲ್ಲ.
"ಮುಖ ಗೊತ್ತಿಲ್ಲ" ಅಂದಳು ಮೈರ್ವೆನ್ ಏದುಸಿರಲ್ಲಿ,
"ಏಟು ಗೊತ್ತು."

ಹತ್ತೊಂಬತ್ತು ದಿನ.
ಎಳೆದಾಗ ಅಂಚೆಲ್ಲ ಹುಳು ತಿಂದ ಎಲೆ,
ನಡುವೆ ಬೆರಳು ತೂರುವಷ್ಟು ತೂತು.
ಅಯ್ಯೋ ಅಂದೆ.
ಅವಳು ತೂತಿಗೆ ಕಣ್ಣಿಟ್ಟು ನನ್ನನ್ನು ನೋಡಿದಳು.

ಮಸಿ ತುಂಬಿ, ಜಾಳಿಬಟ್ಟೆಯಲ್ಲಿ ಒರೆಸಿ, ಕೊನೆಗೆ ಅಂಗೈಯಿಂದ.
ನೆನೆಸಿದ ಕಾಗದ. ಮೂರು ಕಂಬಳಿ. ಚಕ್ರ.
ಕಾಗದ ಎತ್ತುವಾಗ ಅವಳು ಉಸಿರಾಡುವುದಿಲ್ಲ; ನಾನೂ.
ಗುಡ್ಡ ಬಂದಿತ್ತು,
ಹುಣ್ಣು, ಹಕ್ಕಳೆ, ಏಟುಗಳ ಸಮೇತ.
ಗಣಿಯ ಬಾಯಿ ಮಾತ್ರ, ನನ್ನಜ್ಜ ಮೋಂಬತ್ತಿ ಹಿಡಿದು ಇಳಿದ ಬಾಯಿ,
ಎಲ್ಲಕ್ಕಿಂತ ಕಪ್ಪಾಗಬೇಕಾದದ್ದು,
ಬಿಳಿ.
ತೂತಿಗೆ ಮಸಿ ನಿಲ್ಲುವುದಿಲ್ಲವಲ್ಲ.
ಕಾಗದ ಅಲ್ಲಿ ಬೊಬ್ಬೆಯ ಹಾಗೆ ಮೇಲೆದ್ದಿತ್ತು.
ಬೆರಳಿಟ್ಟೆ. ಇನ್ನೂ ತೇವ.

ಅಚ್ಚಳಿಯದೆ ಉಳಿಯಿತು ಅನ್ನುತ್ತಾರೆ ಜನ.
ಅಚ್ಚು ಅಳಿಯುತ್ತದೆ. ಒಂದೊಂದು ಸುತ್ತಿಗೂ ಕೂದಲೆಳೆಯಷ್ಟು.
ಏಳನೆಯದರಲ್ಲಿ ಅಜ್ಜಿಯ ಏಟು ಮಸುಕಾಯಿತು,
ಹನ್ನೊಂದಕ್ಕೆ ತೂತು ಅಂಚಿಗೆ ಸೀಳಿತು.
ಕಾಗದದ ಅಡಿಯಲ್ಲಿ ಅವಳು ಅಂಕಿ ಹಾಕಲಿಲ್ಲ,
ತಾರೀಕು ಹಾಕಿದಳು; ಅವತ್ತಿನ ಗಾಳಿಯ ದಿಕ್ಕು ಕೂಡ.

ಆ ಬೆಳಗ್ಗೆ ಬಗ್ಗಿದಾಗ
ಜೇಬಿನಿಂದ ನನ್ನ ಸ್ಪ್ಯಾನರ್ ಹೊಂಡಕ್ಕೆ ಬಿದ್ದಿತ್ತು.
ಮೇ ತಿಂಗಳಲ್ಲಿ ಹೋಗಿ ಗಾಳದಿಂದ ಎತ್ತಿದೆ.
ಈ ನೀರು ಕಬ್ಬಿಣ ತಿಂದು ತಾಮ್ರ ಕಾರುತ್ತದೆ:
ಮೈಯೆಲ್ಲ ಗುಲಾಬಿ ಚರ್ಮ,
ಅವಳ ತಗಡಿನಿಂದ ಹೋದದ್ದೋ, ಗುಡ್ಡದ್ದೋ,
ಚಿಲಿಯದೋ.
ದವಡೆ ಸವೆದಿದೆ. ಯಾವ ನಟ್ಟನ್ನೂ ಹಿಡಿಯುವುದಿಲ್ಲ.
ಪ್ರೆಸ್ಸಿನ ಪಕ್ಕದ ಮೊಳೆಗೆ ಸಿಕ್ಕಿಸಿದೆ.
ಚಹಾ ಹಿಡಿದು ಬಂದವಳು ಸುಮಾರು ಹೊತ್ತು ನೋಡಿ
ಕಪ್ಪನ್ನು ಕೆಳಗಿಟ್ಟಳು.
"ಮಸಿ ಹಚ್ಚಿ ನೋಡೋಣ ಇದಕ್ಕೆ" ಅಂದಳು.